ದಾನೇಶ್ವರಿಯ ಐದನೆಯ ಉತ್ತರ

ಬನಹಟ್ಟಿಯ ದಾನೇಶ್ವರಿ ಎಂಬಿಎ ಪ್ರವೇಶ ಪರೀಕ್ಷೆಗೆ ಓದಲು ಕುಳಿತಳೆಂದರೆ ಪಕ್ಕದ ಕೋಣೆಯ ಪವರ್‌ಲೂಮಿನ ಸದ್ದು ಮೆಲ್ಲಗೆ ರೈಲಾಗಿ, ಆ ರೈಲು ಅವಳನ್ನು ಯಾವುದೋ ಕಂಪನಿಯ ಮ್ಯಾನೇಜರ್ ಖುರ್ಚಿಯ ಮುಂದೆ ಇಳಿಸಿಬಿಡುತ್ತದೆ. 'ನೀವು ಮ್ಯಾನೇಜರ್ ಆಗಿದ್ದರೆ ಏನು ಮಾಡುವಿರಿ?' ಎಂದು ಪುಸ್ತಕ ಕೇಳುವುದೇ ತಡ, ಅರೆಗಣ್ಣಿನಲ್ಲೇ ತೀರ್ಪು ಕೊಡುತ್ತಾಳೆ. ಬೆಳಗಿನ ಚಹಾ ಆರುವುದರೊಳಗೆ ಮೂವರ ನೌಕರಿ ಹೋಗಿರುತ್ತದೆ. "ರೊಟ್ಟಿ ಹಾಕಲ್ಯೋ, ಅನ್ನ ಹಾಕಲ್ಯೋ?" ಎಂದು ಅವ್ವ ಕೇಳಿದರೆ, "ಸಿ, ಮೇಲಿನ ಎರಡೂ" ಎನ್ನುತ್ತಾಳೆ. "ಇಂಥಾಕಿ ಕಂಪನ್ಯಾಗ ಮಂದಿ ಉಪಾಸಂತೂ ಬೀಳೂದಿಲ್ಲ ಬಿಡ" ಎಂದು ಅವ್ವನ ಕೊಂಕು. ಹೀಗಿರುವಾಗ ಒಂದು ದಿನ ಅಪ್ಪನೂ ಒಂದು ಪ್ರಶ್ನೆ ತಂದ, ಅಜ್ಜಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಯಲ್ಲೇ ನೇಯುವ ಹಳೆಯ ಮಗ್ಗದ ಬಗ್ಗೆ: "ಆಯೀದು ಕುಣಿಮಗ್ಗ ತಗದರ ಆ ಜಾಗಾದಾಗ ಇನ್ನೊಂದು ಪವರ್‌ಲೂಮ್ ಕೂಡತದ. ಮುದುಕಿ ತಿಂಗಳಿಗೆ ಒಂದ ಸೀರಿ ನೇಯತಾಳ. ನೀನ ಹೇಳವಾ, ತಗೀಲ್ಯೋ ಬ್ಯಾಡೋ?" ಇಂಥದ್ದೇ ಒಂದು ಪ್ರಶ್ನೆ ಅವಳ ಪುಸ್ತಕದಲ್ಲೂ ಇತ್ತು: ಕೈ ನಿಧಾನವಾದ ಹಳೆಯ ನೌಕರರನ್ನು ತೆಗೆಯುವುದೋ, ವರ್ಗ ಮಾಡುವುದೋ, ತರಬೇತಿಗೆ ಕಳಿಸುವುದೋ, ಕಾದು ನೋಡುವುದೋ? ಆ ಪುಟದಲ್ಲಿ ಮಾತ್ರ ದಾನೇಶ್ವರಿ ಯಾವುದಕ್ಕೂ ಗುರುತು ಹಾಕಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಐದನೆಯದೊಂದನ್ನು ಬರೆದಿದ್ದಳು: 'ಅವರನ್ನೇ ಕೇಳುವುದು.' ಹೋಗಿ ಮಗ್ಗದ ಕುಣಿಯ ಅಂಚಿಗೆ ಕುಳಿತು ಆಯಿಯನ್ನು ಕೇಳಿಯೇಬಿಟ್ಟಳು. ಆಯಿ ಲಾಳಿ ನಿಲ್ಲಿಸಲಿಲ್ಲ. "ನೀ ದೊಡ್ಡ ಸಾಲಿಗೆ ಹ್ವಾದಾಗ ಉಡೂ ಸೀರಿ ಇದು ಬೇ. ಸೆರಗು ಮುಗೀಲಿ, ಆಮ್ಯಾಲ ತಗೀರಿ." ದಾನೇಶ್ವರಿ ಅಪ್ಪನಿಗೆ ಅದನ್ನೇ ತನ್ನ ತೀರ್ಮಾನವೆಂದು ಹೇಳಿದ್ದಾಳೆ, ಅಪ್ಪ ಒಪ್ಪಿದ್ದಾನೆ. ಸೆರಗು ಎಷ್ಟುದ್ದ ಇರಬೇಕೆಂಬುದನ್ನು ಆಯಿ ಮಾತ್ರ ಇನ್ನೂ ತೀರ್ಮಾನಿಸಿಲ್ಲ.