ಅಟ್ಟದ ಕೆಳಗೆ ಕಾಯಿಲೆಯಿಲ್ಲ

ಶಿವನಿ ಗ್ರಾಮದ ಷಡಕ್ಷರಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಸೇತುವೆಯನ್ನೋ ಕಾಲುವೆಯನ್ನೋ ಕಟ್ಟುತ್ತಾನೆಂದು ಊರು ಕಾದಿದ್ದರೆ, ಅವನು ಪರಿಸರದ ಅಪಾಯವನ್ನು ಅಂದಾಜು ಮಾಡುವ ವಿದ್ಯೆ ಕಲಿಯಲು ಮತ್ತೆ ಕಾಲೇಜು ಸೇರಿದ. ಭೋಪಾಲದ ವಿಷಾನಿಲದ ಸುದ್ದಿ ಇನ್ನೂ ಹಸಿಯಾಗಿದ್ದ ಕಾಲ ಅದು. ಆಗದೇ ಇರುವ ಅನಾಹುತವನ್ನು ಲೆಕ್ಕ ಹಾಕುವುದಕ್ಕೂ ಒಂದು ಡಿಗ್ರಿಯೇ ಎಂದು ತಂದೆ ಬಸವರಾಜಪ್ಪ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೂತವರನ್ನೆಲ್ಲ ಕೇಳುತ್ತಿದ್ದರು. ಷಡಕ್ಷರಿಗೂ ಉತ್ತರ ಸರಿಯಾಗಿ ಗೊತ್ತಿರಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಪ್ರಾಜೆಕ್ಟಿಗೆಂದು ಅವನು ಆರಿಸಿಕೊಂಡದ್ದು ತನ್ನ ಸೀಮೆಯದೇ ಸಂಗತಿ. ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರಲ್ಲ, ಗೆದ್ದಲು ಹತ್ತದಿರಲೆಂದು ಅಲ್ಲಿ ಬಿಳಿ ವಿಷದ ಪುಡಿ ಎರಚುತ್ತಿದ್ದರು. ಕೆಳಗೇ ಅಡುಗೆ, ಕೆಳಗೇ ನಿದ್ದೆ. ಉದುರಿದ ಪುಡಿಯಿಂದ ಹಾನಿ ಕಂಡರೆ ನಿಲ್ಲಿಸಿ ಎಂದು ಅವನು ಬರೆಯಬೇಕು. ಕಾಣದಿದ್ದರೆ ಎರಚಲು ಅಡ್ಡಿಯಿಲ್ಲ ಎಂದು. ಇಷ್ಟು ಮನೆಗಳ ಉಸಿರು ತನ್ನ ಒಂದು ಸಾಲಿನ ಮೇಲೆ ನಿಂತಿದೆಯಲ್ಲ ಎಂದು ಹುಡುಗ ಹೆದರಿದ್ದ.

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಮನೆಮನೆ ತಿರುಗಿದ. ಮನೆಯಲ್ಲಿ ಎಷ್ಟು ಜನ, ಯಾರಿಗಾದರೂ ತಲೆಸುತ್ತು, ನಡುಕ, ಫಿಟ್ಸ್ ಇದೆಯೇ, ಅಜ್ಜ ಯಾವುದರಿಂದ ತೀರಿಕೊಂಡರು ಎಂದು ಕೇಳಿದ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಅಜ್ಜಂದಿರೆಲ್ಲ ಪೂಜೆಗೆ ಕೂತಲ್ಲೇ ಲಿಂಗೈಕ್ಯರಾಗಿದ್ದರು. ಹೋದಲ್ಲೆಲ್ಲ ಕೇಸರಿಬಾತು ಬೇರೆ. ಪುಡಿ ಮಾತ್ರ ಊಟದ ತಟ್ಟೆಯ ಅಂಚಿನಲ್ಲೂ ಬೆಳ್ಳಗೆ ಕಾಣುತ್ತಿತ್ತು. ಪುಸ್ತಕ ಸುಳ್ಳೋ, ತನ್ನ ಕಣ್ಣು ಸುಳ್ಳೋ ತಿಳಿಯದೆ ಅವನ ತಲೆ ಕೆಟ್ಟು ಕೆರ ಹಿಡಿದುಹೋಯಿತು.

ದೇವನೂರಿನ ದೇವೀರಪ್ಪನವರ ಮಗಳು ಪಂಕಜಾಕ್ಷಿ ಕಾಫಿ ತಂದಿಟ್ಟವಳು ಒಳಗೆ ಹೋಗಲಿಲ್ಲ. ತಂದೆ ಎಲೆಅಡಿಕೆ ತರಲು ಎದ್ದದ್ದೇ ತಡ, ಬರೆದುಕೊಳ್ಳಿ ಎಂದಳು. ಅಮ್ಮನಿಗೆ ಕೈ ನಡುಗುತ್ತದೆ, ತನಗೆ ತಲೆ ಸುತ್ತುತ್ತದೆ, ತಮ್ಮನಿಗೆ ಫಿಟ್ಸ್ ಬಂದಿತ್ತು. ಷಡಕ್ಷರಿಗೆ ಹಿಗ್ಗೋ ಹಿಗ್ಗು; ಹಿಗ್ಗಿದ್ದಕ್ಕೆ ಮರುಕ್ಷಣವೇ ನಾಚಿಕೆ. ಬೇರೆ ಯಾರೂ ಯಾಕೆ ಹೀಗೆ ಹೇಳಲಿಲ್ಲ ಎಂದು ಕೇಳಿದ.

"ಮದ್ವೆ ಆಗ್ದಿರೋ ಎಂಜಿನಿಯರ್ರು ಮನೆಗ್ ಬಂದು ಅಜ್ಜನ ಕಾಯ್ಲೆ ವಿಚಾರಿಸಿದ್ರೆ ಜನ ಏನಂದ್ಕೋತಾರ್ರೀ? ಹೆಣ್ ನೋಡಕ್ ಬಂದವ್ರೆ ಅಂತ ಸೀಮೆಗೆಲ್ಲಾ ಸುದ್ದಿ. ನಂಗೀ ಮದ್ವೆ ಬೇಡ, ಅದ್ಕೇ ಹೇಳ್ದೆ."

"ಹಂಗಾದ್ರೆ ಕಾಯ್ಲೆ ನಿಜಾನೋ, ನನ್ನ ಓಡ್ಸಕ್ ಹೇಳಿದ್ದೋ?"

"ಓಡ್ಸಕ್ಕೇ ಹೇಳಿದ್ದು. ಆದ್ರೆ ಸುಳ್ ಹೇಳಿಲ್ಲ."

ಅಷ್ಟರಲ್ಲಿ ತಟ್ಟೆ ಹಿಡಿದು ಬಂದ ದೇವೀರಪ್ಪ, ತಮ್ಮ ಮನೆಯಲ್ಲಿ ನೆಗಡಿ ಎಂದರೇನೆಂದೇ ಗೊತ್ತಿಲ್ಲ ಎಂದು ನಕ್ಕರು. ಒಂದೇ ಮನೆ, ಎರಡು ಉತ್ತರ. ಬಸ್ಸಿನುದ್ದಕ್ಕೂ ಷಡಕ್ಷರಿ ಯಾವುದನ್ನು ಬರೆಯುವುದೆಂದು ಒದ್ದಾಡಿದ. ಮತ್ತೆ ಮನೆಮನೆಗೆ ಹೋಗೋಣವೆಂದರೆ, ಹೋದಲ್ಲೆಲ್ಲ ಅವನು ವರವೇ.

ಮದುವೆಯ ಹಂಗಿಲ್ಲದೆ ನಿಜ ಹೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡು, ಮನೆ ಸೇರಿದವನೇ ತಮ್ಮದೇ ಕೊಬ್ಬರಿ ಅಟ್ಟದ ಕೆಳಗೆ ಒಲೆಯ ಮುಂದೆ ಕೂತಿದ್ದ ತಾಯಿ ಮಲ್ಲಿಕಾಂಬಳನ್ನು ಕೇಳಿದ: ಅಮ್ಮಾ, ನಿನಗೆ ತಲೆ ಸುತ್ತುವುದು, ಕೈ ನಡುಗುವುದು ಏನಾದರೂ ಉಂಟೇ?

ಅವಳು ಒಮ್ಮೆ ಬಾಗಿಲ ಕಡೆ ನೋಡಿ, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದ್ಲು ನಿನ್ ಮದ್ವೆ ಒಂದಾಗ್ಲಿ ಕಣೋ. ಆಮೇಲ್ ಹೇಳ್ತೀನಿ."