ಪೆದ್ದನ ಹೊಲ

ನೋರೀನ್ ಪ್ಯಾಸ್ಕೋಗೆ ಜನರನ್ನು ನಗಿಸುವುದೆಂದರೆ ಪ್ರಾಣ. ವರ್ಷಗಟ್ಟಲೆ ಶಾಲೆ ಬಸ್ಸು ಓಡಿಸಿ ಬೇಸತ್ತವಳು ಕೊನೆಗೊಂದು ಬಿಳಿ ವ್ಯಾನ್ ಕೊಂಡಳು. ಬೆಳಿಗ್ಗೆ ಅಡಿಲೇಡಿನಲ್ಲಿ ಜನರನ್ನು ಹತ್ತಿಸಿಕೊಂಡು, ಮೆಕ್ಲಾರೆನ್ ವೇಲ್‌ನ ದ್ರಾಕ್ಷಿತೋಟಗಳಲ್ಲಿ ವೈನಿನ ರುಚಿ ತೋರಿಸಿ, ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಮೀನೂಟ ಮಾಡಿಸಿ, ಸಂಜೆ ಮನೆ ಮುಟ್ಟಿಸುವ ಕೆಲಸ. ವೈನ್ ನಾಲ್ಕು ಕಡೆ ಸಿಗುತ್ತಿತ್ತು, ಅವಳ ತಮಾಷೆ ದಾರಿಯುದ್ದಕ್ಕೂ.

ವಿಲ್ಲಂಗಾ ದಾಟಿದ ಮೇಲೆ ಸಮುದ್ರ ಕಾಣುವ ಒಂದು ತಿರುವಿದೆ. ಅಲ್ಲಿ ವ್ಯಾನ್ ನಿಲ್ಲಿಸಿ, ಎರಡು ಕುದುರೆಗಳು ಮೇಯುವ ಬೋಳು ಹೊಲವನ್ನು ತೋರಿಸುತ್ತಿದ್ದಳು.

"ನೋಡ್ಕೊಳ್ಳಿ, ಇದು ಪೆದ್ದನ ಹೊಲ! ಹಿಂದೆ ಕೆಂಪು ವೈನು ಯಾರಿಗೂ ಬೇಡವಾಗಿತ್ತು. ಬಳ್ಳಿ ಕಿತ್ತುಹಾಕಿದೋರಿಗೆ ದುಡ್ಡು ಕೊಡ್ತೀನಿ ಅಂತು ಸರ್ಕಾರ. ಇಲ್ಲಿದ್ದ ಇಟಲಿಯೋನು ನೂರು ವರ್ಷದ ಶಿರಾಜ್ ದ್ರಾಕ್ಷಿ ಬಳ್ಳೀನ ಬುಡಸಮೇತ ಕಿತ್ತು, ಚೆಕ್ ಹಿಡ್ಕೊಂಡು ಚಡ್ಡೀಲೇ ಕುಣಿದ. ಹೆಂಡ್ತಿ ಪೊರಕೆ ತಗೊಂಡು ಸಮುದ್ರದ ತನಕ ಅಟ್ಟಿಸ್ಕೊಂಡು ಹೋದ್ಲು! ಇವತ್ತು ಆ ಬಳ್ಳಿ ಇದ್ದಿದ್ರೆ ಒಂದು ಬಾಟ್ಲಿಗೆ ನೀವು ಕಿಡ್ನಿ ಮಾರ್ಬೇಕಿತ್ತು!"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊದಲ ವರ್ಷ ಕತೆಯಲ್ಲಿ ಬರೀ ಪೆದ್ದನಿದ್ದ. ಮರುವರ್ಷ ಕುಣಿತ ಸೇರಿತು. ಪೊರಕೆ ಸೇರಿದ್ದು ಆಮೇಲೆ.

ಎಲ್ಲ ಸುಳ್ಳು! ಅದು ಸುಳ್ಳೆಂದು ನೋರೀನ್‌ಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ, ಯಾಕೆಂದರೆ ಆ ಬಳ್ಳಿಗಳನ್ನು ಕಿತ್ತದ್ದು ಅವಳಪ್ಪನ ಟ್ರ್ಯಾಕ್ಟರ್. ಹೊಲದ ಯಜಮಾನ ಕಾರ್ಮಿನೆ ಪೆಟ್ರಿಲ್ಲೋ ತನ್ನ ಕೈಯಾರೆ ಕೀಳಲಾರದೆ ಪಕ್ಕದ ಹೊಲದ ಅವಳಪ್ಪನನ್ನು ಬೇಡಿಕೊಂಡಿದ್ದ. ಆ ದಿನ ಅವನು ಮನೆಯ ಪರದೆ ಎಳೆದು ಒಳಗೇ ಉಳಿದ. ಅವನ ಹೆಂಡತಿ ಆಸುಂತಾ ಹೊರಗೆ ಬಂದು, ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಪುಟ್ಟ ನೋರೀನಳ ಕೈಗೆ ಬಾದಾಮಿ ಬಿಸ್ಕತ್ತು ಕೊಟ್ಟಳು. ಮೊದಲನೆಯ ಬುಡಕ್ಕೆ ಕಟ್ಟಿದ ಸರಪಳಿ ಬಿಗಿಯಾಗುತ್ತಿದ್ದಂತೆ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡಳು. ಕಿತ್ತ ಬುಡಗಳನ್ನು ನೋರೀನಳ ಅಪ್ಪ ಸೌದೆಗೆಂದು ಮನೆಗೆ ಹೇರಿಕೊಂಡು ಹೋದ. ಆ ಚಳಿಗಾಲವೆಲ್ಲ ಅವರ ಮನೆಯ ಒಲೆಯಲ್ಲಿ ಉರಿದದ್ದು ಅವೇ. ಆ ಬೆಂಕಿಯೆದುರು ಕೂತು ನೋರೀನ್ ಶಾಲೆಯ ಲೆಕ್ಕ ಮಾಡಿದ್ದಳು, ಕಾಲು ಬೆಚ್ಚಗೆ ಮಾಡಿಕೊಂಡಿದ್ದಳು.

ಪೆಟ್ರಿಲ್ಲೋ ಸಂಸಾರ ಹೊಲ ಮಾರಿ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನು ಸತ್ತೇ ಹೋಗಿರಬೇಕೆಂದುಕೊಂಡಿದ್ದಳು ಮಹಾರಾಯ್ತಿ. ಸತ್ತವರ ಮೇಲೆ ಕತೆ ಕಟ್ಟಲು ಯಾರ ಭಯ?

ಈ ಶರತ್ಕಾಲದ ಒಂದು ಶನಿವಾರ, ಹುಡುಗಿಯೊಬ್ಬಳು ಟೋಪಿ ಹಾಕಿದ ಮುದುಕನನ್ನು ಕೈಹಿಡಿದು ವ್ಯಾನಿನ ಬಳಿ ಕರೆತಂದಳು.

"ಅಜ್ಜನ ಹುಟ್ಟಿದಹಬ್ಬಕ್ಕೆ ನನ್ನ ಉಡುಗೊರೆ. ಅಜ್ಜಿ ಹೋದಮೇಲೆ ಇವರು ನಗೋದೇ ಬಿಟ್ಟಿದ್ದಾರೆ. ನೀವು ತುಂಬಾ ನಗಿಸ್ತೀರಂತಲ್ಲ, ಸಂಜೆ ತನಕ ಸ್ವಲ್ಪ ನೋಡ್ಕೊಳ್ಳಿ."

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಅಯ್ಯೋ, ನೀನು ಪ್ಯಾಸ್ಕೋ ಮಗಳಲ್ವೇನೆ?"

"ಹೌದು, ಮಿಸ್ಟರ್ ಪೆಟ್ರಿಲ್ಲೋ" ಎಂದು ನೋರೀನ್ ವ್ಯಾನಿನ ಬಾಗಿಲು ತೆರೆದಳು.

ಅವನನ್ನು ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡಳು. ಇವತ್ತೊಂದು ದಿನ ಆ ತಿರುವಿನಲ್ಲಿ ನಿಲ್ಲಿಸದೆ ಹೋದರಾಯಿತು, ದೇವರೇ, ಇವತ್ತೊಂದು ದಿನ ಪಾರುಮಾಡಪ್ಪಾ! ಆದರೆ ಹಿಂದಿನ ಸೀಟಿನಲ್ಲಿ ಬೆವನ್ ಇದ್ದ. ಹೋದ ವರ್ಷ ಬಂದು ನಕ್ಕು ಸಾಕಾಗದೆ, ಈ ಸಲ ಗೆಳೆಯರ ದಂಡು ಕಟ್ಟಿಕೊಂಡು ಬಂದವನು. ಮೂರನೆಯ ತೋಟ ಮುಗಿಯುವಷ್ಟರಲ್ಲಿ ಅವನ ಮುಖ ಕೆಂಪೇರಿತ್ತು.

ತಿರುವು ಬಂತು. ನೋರೀನ್ ವೇಗ ತಗ್ಗಿಸಲಿಲ್ಲ.

"ಏಯ್, ಏಯ್, ನಿಲ್ಸು ನೋರೀನ್! ಪೆದ್ದನ ಹೊಲ ದಾಟ್ತಿದೀಯಲ್ಲ!"

"ಊಟಕ್ಕೆ ತಡವಾಗುತ್ತೆ ಬೆವನ್."

"ಮೀನೇನು ಎದ್ದು ಓಡಿಹೋಗುತ್ತಾ? ನಿಲ್ಸೇ!"

ಉಳಿದವರೂ ದನಿಗೂಡಿಸಿದರು. ನಿಲ್ಲಿಸಿದಳು. ಗಂಟಲು ನೋಯುತ್ತಿದೆ, ಇವತ್ತು ಕತೆ ಬೇಡ ಎಂದಳು. ಬೆವನ್ ಬಿಡುತ್ತಾನೆಯೇ? ತಾನೇ ಎದ್ದು ನಿಂತು ಶುರುಮಾಡಿದ. ಅವಳ ಮಾತು, ಅವಳ ದನಿ, ನಗುವಿಗೆ ಜಾಗ ಬಿಟ್ಟು ಅವಳು ನಿಲ್ಲಿಸುತ್ತಿದ್ದ ಕಡೆಗಳಲ್ಲೇ ಅವನೂ ನಿಲ್ಲಿಸಿದ. ಚಡ್ಡಿ ಬಂತು, ಪೊರಕೆ ಬಂತು. ವ್ಯಾನು ನಗುವಿನಿಂದ ಅಲುಗಾಡಿತು. ಮುದುಕ ಕಿಟಕಿಯಾಚೆ ಕುದುರೆಗಳನ್ನು ನೋಡುತ್ತಿದ್ದ.

"ಅಜ್ಜಾ, ನೀವೂ ಈ ಕಡೆಯೋರಾ? ಆ ಪೆದ್ದನ್ನ ನೋಡಿದ್ರಾ?" ಎಂದ ಬೆವನ್.

ನೋರೀನ್ ಈಗ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತಳು, ಹೇಡಿ.

"ನೋಡಿದ್ದೀನಿ," ಎಂದ ಕಾರ್ಮಿನೆ ಟೋಪಿ ಸರಿಮಾಡಿಕೊಳ್ಳುತ್ತ. "ಚೆನ್ನಾಗೇ ಕುಣೀತಿದ್ದ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಉಳಿದವರನ್ನೆಲ್ಲ ಇಳಿಸಿ, ಕೊನೆಗೆ ಕಾರ್ಮಿನೆಯನ್ನು ಮೊಮ್ಮಗಳ ಮನೆಯ ಗೇಟಿನ ಮುಂದೆ ಇಳಿಸಿದಳು.

"ಮಿಸ್ಟರ್ ಪೆಟ್ರಿಲ್ಲೋ, ಆ ಕತೆ ನಂದೇ. ನಾನೇ ಕಟ್ಟಿದ್ದು. ನಿಮ್ಮ ಮುಖ ನೋಡೋಕೆ ನಂಗೆ ನಾಚಿಕೆ ಆಗ್ತಿದೆ."

"ಗೊತ್ತಾಯ್ತು ಬಿಡು. ಆ ಹುಡುಗ ಹೇಳ್ತಿದ್ರೂ ದನಿ ನಿಮ್ಮಪ್ಪಂದೇ ಇತ್ತು. ಅವನೂ ಹಿಂಗೇ ನಗಿಸ್ತಿದ್ದ." ಮುದುಕ ಗೇಟಿನ ಮೇಲೆ ಕೈಯಿಟ್ಟು ನಿಂತ. "ನಾನು ಪೆದ್ದ ಅನ್ನೋದು ನಿಜಾನೇ ಮಗಳೇ. ಬೇಕಾದ್ರೆ ಚಡ್ಡೀನೂ ಬಿಚ್ಚಿಸಿ ಕುಣಿಸು. ಆದ್ರೆ ಆಸುಂತಾ ಕೈಗೆ ಪೊರಕೆ ಕೊಡಬೇಡ ಕಣೆ. ಅವಳು ನಂಗೆ ಒಂದು ಮಾತೂ ಅನ್ನಲಿಲ್ಲ, ಸಾಯೋತನಕ. ಅಂದಿದ್ರೆ ಚೆನ್ನಾಗಿರ್ತಿತ್ತು."

ಮುಂದಿನ ಶನಿವಾರ ಆ ತಿರುವಿನಲ್ಲಿ ನೋರೀನಳ ಕೈ ತಾನಾಗಿಯೇ ಹ್ಯಾಂಡ್‌ಬ್ರೇಕ್ ಎಳೆಯಿತು. ಹೊಸ ಜನ ನಗಲು ತಯಾರಾಗಿ ಅವಳ ಮುಖ ನೋಡಿದರು.

"ಇಲ್ಲಿ ಆಸುಂತಾ ಅಂತ ಒಬ್ಬರಿದ್ರು," ಎಂದಳು ನೋರೀನ್. "ಅವರ ಬಳ್ಳೀನ ನಾವು ಕೀಳೋವಾಗ ನಂಗೆ ಬಿಸ್ಕತ್ತು ಕೊಟ್ರು."

ಯಾರೂ ನಗಲಿಲ್ಲ.