ಎಲ್ಲರಿಗೂ ಒಂದೇ ‘ಯೂ’

ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತುಹೋಗಿತ್ತು. ಉಳಿದ ಅರ್ಧವನ್ನು ಹರೆಯದಲ್ಲೇ ಯಾವುದೋ ಯಂತ್ರ ನುಂಗಿತ್ತಂತೆ. ಹಾಗಾಗಿ ಯಾರನ್ನಾದರೂ ತೋರಿಸಬೇಕಾದರೆ ಇಡೀ ಅಂಗೈಯನ್ನು ಮೇಲೆ ಮಾಡಿ, ಏನೋ ಕೊಡುವವರ ಹಾಗೆ ಮುಂದಕ್ಕೆ ಚಾಚುತ್ತಿದ್ದರು. ಚಾಚಿ, ಮೆಲ್ಲಗೆ ‘ಯೂ’ ಅನ್ನುತ್ತಿದ್ದರು.

ನಾವು ಅವರನ್ನು ಮೇಷ್ಟ್ರು ಅನ್ನುತ್ತಿದ್ದೆವು. ನಿಜಕ್ಕೂ ಅವರು ಮೇಷ್ಟ್ರಲ್ಲ, ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರು. ತೊಂಬತ್ತರ ದಶಕದಲ್ಲಿ, ಕೆಲಸ ಮುಗಿಸಿ ಬಂದು, ಅಶೋಕಪುರಂನ ತಮ್ಮ ಮನೆಯ ಜಗಲಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಐದು ಜನ ಹುಡುಗಿಯರು ನಾವು. ಐವರೂ ಎಸ್ಸೆಸ್ಸೆಲ್ಸಿಯಲ್ಲಿ ಅದೊಂದರಲ್ಲೇ ಫೇಲಾದವರು.

ನಾನು ಅಲ್ಲಿಗೆ ಸೇರಿದ್ದು ಹೀಗೆ. ಅವರು ರಾಗಿ ಬೀಸಿಸಲು ನಮ್ಮ ಫ್ಲೋರ್ ಮಿಲ್ಲಿಗೆ ಬಂದಿದ್ದರು. ಡಬ್ಬ ಇಡುತ್ತಾ ನನ್ನ ಓದು ವಿಚಾರಿಸಿದರು.

‘ಅದು ಫೇಲಾಯ್ತು ಬುಡಿ ಸಾರ್. ಇಂಗ್ಲಿಷು ಅದರ ತಲೆಗೆ ಹತ್ತಲ್ಲ. ಬರೋ ವರ್ಷ ಮದುವೆ ಮಾಡಿ ಕಳಿಸ್ಬುಡ್ತೀನಿ,’ ಅಂದರು ಅಪ್ಪ.

ಮೇಷ್ಟ್ರು ನನ್ನ ಕಡೆ ತಿರುಗಿದರು. ‘ನಿಮ್ಮಪ್ಪ ಹೇಳ್ತಿರೋ ಅದು ಯಾವುದಮ್ಮ? ಅದು ಅಂದ್ರೆ ಇಟ್. ಈ ಮಿಶಿನ್ನು ಇಟ್, ಈ ಡಬ್ಬ ಇಟ್. ಹುಡುಗಿ ಆದ್ರೆ ಶೀ.’ ಆಮೇಲೆ ಅಪ್ಪನಿಗೆ, ‘ನಾಳೆ ಸಂಜೆ ಇವರನ್ನ ನಮ್ಮನೆಗೆ ಕಳಿಸಿ,’ ಅಂದರು.

‘ಇವರು’ ಯಾರೆಂದು ಅಪ್ಪ ಸುತ್ತಲೂ ನೋಡಿದರು. ನನಗಾಗ ಹದಿನಾರು. ಅದುವರೆಗೆ ಯಾರೂ ನನ್ನನ್ನು ಹಾಗೆ ಅಂದಿರಲಿಲ್ಲ.

ಈಗ ನೆನೆದರೆ ಆ ಸಂಜೆಗಳೆಲ್ಲ ಸೇರಿ ಒಂದೇ ಉದ್ದನೆಯ ಸಂಜೆಯ ಹಾಗೆ ಕಾಣುತ್ತವೆ. ದೂರದಲ್ಲಿ ಬೆಟ್ಟದ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿವೆ. ಎಲ್ಲೋ ರೈಲು ಕೂಗುತ್ತದೆ. ‘ಕೆಲಸ ಮಾಡೋನು ಐ. ಆ ಕೆಲಸ ಬಂದು ಯಾರ ಮೇಲೆ ಬೀಳುತ್ತೋ ಅವನು ಮಿ,’ ಎಂದು ಮೇಷ್ಟ್ರು ಹೇಳುತ್ತಲೇ ಇದ್ದಾರೆ.

ಒಂದು ದಿನ ಗೋಡೆಯ ಕನ್ನಡಿ ಬಿಚ್ಚಿ ತಂದರು. ‘ನಾನು ಅವಳನ್ನ ನೋಡಿದರೆ ಹರ್. ಅವಳು ನನ್ನ ನೋಡಿದರೆ ಮಿ. ನಾನೇ ನನ್ನನ್ನ ನೋಡ್ಕೊಂಡ್ರೆ?’ ಕನ್ನಡಿ ನಮ್ಮ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬಳೂ ತನ್ನ ಮುಖ ನೋಡಿಕೊಂಡು, ನಾಚಿಕೊಂಡು, ‘ಮೈಸೆಲ್ಫ್’ ಅಂದಳು. ಇಳಿಬಿಸಿಲು ಕನ್ನಡಿಗೆ ತಾಗಿ ಹೆಂಚಿನ ಕೆಳಗೆಲ್ಲ ಮೀನಿನಂತೆ ಓಡಾಡುತ್ತಿತ್ತು.

ನಾನೊಮ್ಮೆ ಕೇಳಿದೆ: ‘ಸಾರ್, ನೀನು ಅನ್ನೋದಕ್ಕೂ ಯೂ, ನೀವು ಅನ್ನೋದಕ್ಕೂ ಯೂ. ದೊಡ್ಡೋರು ಚಿಕ್ಕೋರು ಎಂಗೆ ಗೊತ್ತಾಗುತ್ತೆ?’

ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

‘ಗೊತ್ತಾಗಲ್ಲ ಕಣಮ್ಮ. ನಾನು ಇಂಗ್ಲಿಷ್ ಕಲಿತದ್ದೇ ಅದಕ್ಕೆ. ನಮ್ಮ ಸೂಪರ್‌ವೈಸರು ನನಗಿಂತ ಹತ್ತು ವರ್ಷ ಚಿಕ್ಕೋನು. ಸಾಹೇಬರಿಗೆ ತಾವು ಅನ್ನೋನು, ನನಗೆ ಲೋ ಅನ್ನೋನು. ನಾನು ರಾತ್ರಿಶಾಲೆಗೆ ಹೋಗಿ ಕಲಿತೆ. ಒಂದು ದಿನ ಅವನ ಲೋಗೆ ಇಂಗ್ಲಿಷಲ್ಲೇ ಉತ್ತರ ಕೊಟ್ಟೆ. ಅವನೂ ಇಂಗ್ಲಿಷಿಗೆ ತಿರುಗಬೇಕಾಯ್ತು. ಆವತ್ತು ಸಾಹೇಬರೂ ಯೂ, ನಾನೂ ಯೂ.’

ಹೇಳಿ ನಕ್ಕರು. ಕಣ್ಣು ಮಾತ್ರ ನಗಲಿಲ್ಲ. ಯಾರಿಗೂ, ಎಷ್ಟೇ ಚಿಕ್ಕವರಿಗೂ, ಅವರು ‘ನೀನು’ ಅಂದದ್ದನ್ನು ನಾನು ಕೇಳಲಿಲ್ಲ.

ಮರುಪರೀಕ್ಷೆಯಲ್ಲಿ ಪಾಸಾದೆ. ಮದುವೆಯ ಮಾತು ಹಿಂದಕ್ಕೆ ಸರಿಯಿತು. ಮುಂದೆ ಟೀಚರ್ ಟ್ರೈನಿಂಗ್ ಮುಗಿಸಿ ಕೆಸರೆಯ ಶಾಲೆಯೊಂದಕ್ಕೆ ಸೇರಿದೆ. ‘ಅಲ್ಲಿನ ಮಕ್ಕಳಿಗೆ ಐ ಯಾವಾಗಲೂ ದೊಡ್ಡಕ್ಷರ ಅನ್ನೋದನ್ನ ಮೊದಲು ಹೇಳಿ,’ ಎಂದು ಕಳಿಸಿಕೊಟ್ಟರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಮೇಷ್ಟ್ರು ಮತ್ತೆ ಏಳಲಿಲ್ಲ.

ವಾರದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ನಮ್ಮೆದುರು ಜಗಲಿಗೆ ಬಂದು ಕೂತವರೇ ಅಲ್ಲ. ‘ಇವರು ಹೋದದ್ದನ್ನ ಕಾರ್ಖಾನೆ ಆಫೀಸಿಗೆ ಇಂಗ್ಲಿಷಲ್ಲಿ ತಿಳಿಸಬೇಕಂತೆ. ಬರ್ಕೊಡಮ್ಮ, ನಾನು ಸೈನ್ ಹಾಕ್ತೀನಿ,’ ಅಂದರು. ಕಣ್ಣು ಮಂಜಾಗಿತ್ತು, ಹೇಗೋ ಬರೆದು ಮುಗಿಸಿ ಓದಿದೆ. ‘ಹರ್ ಹಸ್ಬೆಂಡ್...’ ಅನ್ನುವಷ್ಟರಲ್ಲಿ ಅವರು ತಡೆದರು.

‘ಹರ್ ಅಲ್ಲ ಕಣಮ್ಮ. ಕಾಗದ ನಂದು ತಾನೇ? ಮೈ ಹಸ್ಬೆಂಡ್ ಅನ್ಬೇಕು.’

ನಾನು ಅವರ ಮುಖವನ್ನೇ ನೋಡಿದೆ. ‘ಎಲ್ಲಿ ಕಲಿತ್ರಮ್ಮ?’

‘ಎಲ್ಲಿಗೆ ಹೋಗ್ಲಿ ಕಲಿಯೋಕೆ? ಇಷ್ಟು ವರ್ಷ ಈ ಬಾಗಿಲ ಹಿಂದೇನೇ ಕೂತು ಅಕ್ಕಿ ಆರಿಸಿದ್ದೀನಿ.’

ಪೆನ್ನು ಈಸಿಕೊಂಡರು. ನಾನು ಬರೆದ ‘ಹರ್’ ಮೇಲೆ ಗೀಟೆಳೆದು, ಆ ಎರಡಕ್ಷರವನ್ನು ನಿಧಾನವಾಗಿ ತಾವೇ ಬರೆದರು.